ಪೆನ್ಸಿಲ್ ಗುರುತಿನ ಮೇಲಿನ ಸಾಲುಗಳು

ಗದಗ, ಗಾಳಿತಿಂಗಳ ಮೂವತ್ತನಾಲ್ಕನೆಯ ದಿನ, 2207

ಪೂಜ್ಯ ಮುತ್ತಜ್ಜಿ ಕಾಶವ್ವನವರಿಗೆ, ನಿಮ್ಮ ಏಳನೆಯ ತಲೆಮಾರಿನವಳಾದ ಗಂಗಾಂಬಿಕೆ ಬಳೂಟಗಿಯ ನಮಸ್ಕಾರಗಳು.

ತಿಂಗಳಿಗೆ ಮೂವತ್ತನಾಲ್ಕು ದಿನ ಎಲ್ಲಿಂದ ಬಂತು ಎಂದು ನೀವು ಹುಬ್ಬೇರಿಸಬಹುದು. ಜೋರು ಗಾಳಿಯ ತಿಂಗಳನ್ನು ನಾವು ಗಾಳಿ ಇಳಿಯುವವರೆಗೂ ಎಣಿಸುತ್ತೇವೆ. ನನ್ನ ಇನ್ನೂ ಕೆಲವು ಮಾತುಗಳು ವಿಚಿತ್ರವಾಗಿ ಕಂಡರೆ ಕ್ಷಮಿಸಬೇಕು. ಒಂದು ಪದ ಮಾತ್ರ ನಿಮ್ಮ ಕಾಲದಿಂದ ನಮ್ಮ ಕಾಲಕ್ಕೆ ಕೂದಲೂ ಕೊಂಕದೆ ಬಂದಿದೆ. ಅದು ಆಡಿಟರ್.

ನಮ್ಮಲ್ಲಿ ತೆರಿಗೆಯನ್ನು ಹಣದಲ್ಲಿ ಕಟ್ಟುವುದಿಲ್ಲ, ದಿನಗಳಲ್ಲಿ ಕಟ್ಟುತ್ತೇವೆ. ಇದಕ್ಕೆ ದಿನತೆರಿಗೆ ಎಂದು ಹೆಸರು. ದುಡಿಯುವ ಪ್ರತಿಯೊಬ್ಬರೂ ವರ್ಷಕ್ಕೆ ಇಪ್ಪತ್ತನಾಲ್ಕು ದಿನ ತಮ್ಮ ಓಣಿಗಾಗಿ ಕೆಲಸ ಮಾಡಬೇಕು. ಕೆರೆಯ ಹೂಳೆತ್ತುವುದು, ಶಾಲೆಯ ಅಡುಗೆ, ಮುದುಕರ ಆರೈಕೆ ಎಲ್ಲವೂ ಈ ದಿನಗಳಿಂದಲೇ ನಡೆಯುತ್ತವೆ. ಯಾರು ದುಡಿದರು, ಯಾರು ಯಾರನ್ನು ಅವಲಂಬಿಸಿದ್ದಾರೆ, ಯಾರಿಗೆ ವಿನಾಯಿತಿ ಎಂದು ವರ್ಷಕ್ಕೊಮ್ಮೆ ಹನ್ನೊಂದು ಪುಟ ಬರೆದು ಸಲ್ಲಿಸಬೇಕು. ಹನ್ನೊಂದು ಪುಟ ಓದುವ ತಾಳ್ಮೆ ಬಳೂಟಗಿ ಮನೆತನದಲ್ಲಿ ಯಾರಿಗೂ ಇದ್ದಂತಿಲ್ಲ. ಕಾಗದಗಳನ್ನು ಚೀಲಕ್ಕೆ ತುಂಬಿ ಆಡಿಟರ್ ಗುರುಶಾಂತಯ್ಯನವರಿಗೆ ಕೊಡುವುದು, ಅವರು ಪೆನ್ಸಿಲಿನಿಂದ ಗುಣಾಕಾರದ ಗುರುತು ಹಾಕಿದ ಕಡೆ ಸಹಿ ಮಾಡುವುದು, ಅವರು ತರಿಸಿದ ಚಹಾ ಕುಡಿದು ಮನೆಗೆ ಬರುವುದು. ಮೂವತ್ತೊಂದು ವರ್ಷ ನಾನೂ ಹೀಗೇ ಮಾಡಿದೆ.

ನಾನು ಕಂಬದಾಕೆ. ಕಪ್ಪತಗುಡ್ಡದ ಕಡೆ ನೀವೆಲ್ಲ ಫ್ಯಾನು ಎಂದು ಕರೆಯುತ್ತಿದ್ದ ಗಾಳಿಯಂತ್ರಗಳು ಈಗ ಊರೊಳಗೂ ನಿಂತಿವೆ. ಅವುಗಳ ಕಂಬ ಹತ್ತಿ ಬೋಲ್ಟು ಬಿಗಿಮಾಡುವವರಿಗೆ ಆ ಹೆಸರು. ಹೋದ ವರ್ಷ ನಮ್ಮ ಓಣಿಯ ಶಾಲೆಯ ಪಕ್ಕದ ಕಂಬದ ಬುಡದಲ್ಲಿ ಬೆರಳು ಇಳಿಯುವಷ್ಟು ಬಿರುಕು ಕಂಡೆ. ಕಂಬ ಉರುಳಿದರೆ ಶಾಲೆಯ ಮೇಲೆಯೇ ಉರುಳಬೇಕು. ಅದನ್ನು ಹೇಳಲು ಓಣಿಯ ಸಭೆಯಲ್ಲಿ ಎದ್ದು ನಿಂತೆ. ಕಾರ್ಯದರ್ಶಿ ಪಟ್ಟಿಯ ಮೇಲೆ ಕಣ್ಣಾಡಿಸಿ, ‘ಅಕ್ಕಾರ, ನೀವು ಅವಲಂಬಿತರೊಳಗ ಅದೀರಿ. ದಿನ ಕೊಡದವರಿಗೆ ಸಭಾದಾಗ ಮಾತಿಲ್ರಿ’ ಎಂದ. ನಾನು ಯಾರನ್ನು ಅವಲಂಬಿಸಿದ್ದೇನೆ ಎಂದು ಕೇಳಿದರೆ, ನನ್ನ ತಮ್ಮ ರೇವಣಪ್ಪನನ್ನಂತೆ. ಸ್ಟೂಲು ಹತ್ತಿದರೆ ತಲೆ ತಿರುಗುವ ರೇವಣಪ್ಪನನ್ನು.

ನನ್ನ ಬದಲು ಅವನನ್ನೇ ಎಬ್ಬಿಸಿದೆ. ಅವನು ಗಾಬರಿಯಲ್ಲಿ ಬಿರುಕಿನ ಮಾತು ಮರೆತು, ಕಂಬದ ಬಣ್ಣ ಹೋಗಿದೆ ಎಂದು ಹೇಳಿ ಕುಳಿತುಬಿಟ್ಟ. ಸಭೆ ಎರಡು ಡಬ್ಬಿ ಬಣ್ಣ ಮಂಜೂರು ಮಾಡಿತು.

ಅಂದು ಮನೆಗೆ ಬಂದು ನನ್ನ ಸಹಿಯಿದ್ದ ಹನ್ನೊಂದು ಪುಟಗಳನ್ನು ಮೊದಲ ಸಲ ಓದಿದೆ. ಓದುವ ವಯಸ್ಸಿನಲ್ಲಿ ನಾನು ಅಪ್ಪನ ಅವಲಂಬಿತೆಯಾಗಿದ್ದೆ. ಅಪ್ಪ ಹೋದ ಮೇಲೆ ಅದೇ ಸಾಲು ತಮ್ಮನ ಹೆಸರಿನ ಕೆಳಗೆ ಹೋಗಿ ಕುಳಿತಿತ್ತು. ಗುರುಶಾಂತಯ್ಯನವರನ್ನು ಕೇಳಿದೆ. ಅವರು ಸುಳ್ಳು ಹೇಳುವವರಲ್ಲ. ‘ಹೋದ ವರ್ಷದ್ದು ನೋಡಿ ಈ ವರ್ಷದ್ದು ಬರೀತೀನಿ ಯವ್ವಾ. ವರ್ಷಕ್ಕ ಇಪ್ಪತ್ನಾಕು ದಿನ ಉಳಸೇನಲ್ಲ, ನೀ ಒಮ್ಮೆರ ಯಾಕಂತ ಕೇಳಿದೇನು?’ ಎಂದರು. ಕೇಳಿರಲಿಲ್ಲ. ಕಂಬ ಹತ್ತುವವರಿಗೆ ವಿನಾಯಿತಿ ಇರಬೇಕು ಎಂದುಕೊಂಡು ಸುಮ್ಮನಿದ್ದೆ. ಪುಕ್ಕಟೆ ಸಿಕ್ಕಿದ್ದಕ್ಕೆ ಕಾರಣ ಕೇಳುವವರು ಯಾರು? ಅದನ್ನು ನೆನೆದು ಈಗಲೂ ನಾಚಿಕೆಯಾಗುತ್ತದೆ.

ತಾವೇ ತಿದ್ದಿಕೊಡುವುದಾಗಿ ಅವರು ಹೇಳಿದರು. ನಾನು ಒಪ್ಪಲಿಲ್ಲ. ಆರು ಸಂಜೆ ಕುಳಿತು ನಾನೇ ಬರೆದೆ. ಅವಲಂಬಿತರ ಬಗ್ಗೆ ಕೇಳುವ ನಾಲ್ಕನೆಯ ಪುಟದಲ್ಲಿ ಒಂದು ಸಂಜೆಯಿಡೀ ಕಳೆದುಹೋಯಿತು. ಆ ಪುಟದ ಪ್ರಶ್ನೆಗಳನ್ನು ಬರೆದವನಿಗೆ ಹೆಂಡತಿ ಮಕ್ಕಳು ಇರಲಿಲ್ಲವೆಂದೇ ನನ್ನ ಅನುಮಾನ. ಕೊನೆಗೂ ತಪ್ಪಿದೆ. ಜೋರು ಗಾಳಿಗೆ ಕಂಬ ಹತ್ತಲಾಗದೆ ಸುಮ್ಮನೆ ಕುಳಿತ ದಿನಗಳನ್ನೂ ಕೆಲಸದ ದಿನಗಳೆಂದು ಬರೆದುಬಿಟ್ಟಿದ್ದೆ. ಕಚೇರಿಯವರು ಹಿಡಿದು, ದಂಡವೆಂದು ಮೂರು ದಿನ ಹೆಚ್ಚಿಗೆ ಹಾಕಿದರು. ಆಡಿಟರ್ ಕೈಯಲ್ಲಿ ಈ ತಪ್ಪು ಆಗುತ್ತಿರಲಿಲ್ಲ, ನಿಜ. ಆದರೂ ಆ ಮೂರು ದಿನ ನಾನು ಚರಂಡಿ ತೊಳೆದಷ್ಟು ಸಂತೋಷದಿಂದ ಗದಗಿನಲ್ಲಿ ಯಾರೂ ತೊಳೆದಿರಲಾರರು.

ಮುಂದಿನ ಸಭೆಯಲ್ಲಿ ನನ್ನ ಹೆಸರು ಕೂಗಿದರು. ಎದ್ದು ನಿಂತು ಬಿರುಕಿನ ಉದ್ದ, ಅಗಲ, ಆಳ ಹೇಳಿದೆ. ಓಣಿ ನಾನೂರು ದಿನ ಕೊಟ್ಟಿತು. ಮೊದಲ ಇಪ್ಪತ್ತನಾಲ್ಕು ನನ್ನವು. ಕಂಬ ಇಳಿಸಿ ಬುಡ ಬಿಚ್ಚಿದಾಗ ಹನ್ನೆರಡು ಬೋಲ್ಟುಗಳಲ್ಲಿ ಏಳು ಕೈಯಲ್ಲೇ ಕಿತ್ತುಬಂದವು. ಶಾಲೆಯ ಮಕ್ಕಳು ಕಂಬ ನಿಂತಿದ್ದ ಬಯಲಿನಲ್ಲಿ ಈಗ ಖೊಖೊ ಆಡುತ್ತಾರೆ. ಗೆದ್ದೆ, ಮುತ್ತಜ್ಜಿ. ಹೆಚ್ಚು ತೆರಿಗೆ ಕಟ್ಟಿ ಗೆದ್ದವಳು ನಮ್ಮ ವಂಶದಲ್ಲಿ ನಾನೊಬ್ಬಳೇ ಇರಬೇಕು.

ನಿಮಗೇಕೆ ಇದನ್ನೆಲ್ಲ ಬರೆಯುತ್ತಿದ್ದೇನೆ ಎಂದರೆ, ಹಳೆಯ ಟ್ರಂಕಿನಲ್ಲಿ ನಿಮ್ಮ ಕಾಗದಗಳು ಸಿಕ್ಕವು. ಜೊತೆಗೆ ಒಂದು ಫೋಟೋ. ‘ಕಾಶವ್ವನ ಖಾನಾವಳಿ’ ಎಂಬ ಫಲಕದ ಕೆಳಗೆ ನೀವು ಕೈಗೆ ಹಿಟ್ಟು ಮೆತ್ತಿಕೊಂಡು ನಿಂತಿದ್ದೀರಿ. ತೆರಿಗೆಯ ಕಾಗದದಲ್ಲಿ ಖಾನಾವಳಿ ನಿಮ್ಮ ಯಜಮಾನರ ಹೆಸರಿಗಿದೆ. ನಿಮ್ಮ ಉದ್ಯೋಗದ ಮುಂದೆ ಮನೆಗೆಲಸ ಎಂದಿದೆ. ಕೆಳಗೆ ಮಾಸಿದ ಪೆನ್ಸಿಲ್ ಗುರುತು, ಅದರ ಮೇಲೆ ನಿಮ್ಮ ಗುಂಡು ಗುಂಡಾದ ಸಹಿ.

ಕಾಲದಲ್ಲಿ ಹಿಂದಕ್ಕೆ ಹೋಗುವ ಟಪಾಲು ನಮ್ಮಲ್ಲಿ ಆಯುಷ್ಯಕ್ಕೊಮ್ಮೆ ಮಾತ್ರ ಸಿಗುತ್ತದೆ. ಅದನ್ನು ಇದಕ್ಕೇ ಬಳಸಿದ್ದೇನೆ. ನಿಮ್ಮ ಆಡಿಟರನ್ನು ಬಿಡಿ ಎನ್ನುತ್ತಿಲ್ಲ. ತೊಡಕಿನ ಲೆಕ್ಕಕ್ಕೆ ತಿಳಿದವರು ಬೇಕು; ರೇವಣಪ್ಪನನ್ನು ನಾನೇ ಗುರುಶಾಂತಯ್ಯನವರ ಬಳಿ ಕಳಿಸುತ್ತೇನೆ. ಆದರೆ ಬರುವ ಜುಲೈನಲ್ಲಿ ಅವರು ಕಾಗದ ಮುಂದಿಟ್ಟಾಗ, ಚಹಾ ಆರಿದರೆ ಆರಲಿ, ಗುರುತಿನ ಮೇಲಿನ ಸಾಲುಗಳನ್ನು ಓದಿ. ನಿಮ್ಮ ಹೆಸರು ಎಲ್ಲಿದೆ ಎಂದು ಕೇಳಿ.

ನಾನೇ ಬರೆದ ಹನ್ನೊಂದನೆಯ ಪುಟ ಮುಗಿದಾಗ ಪೆನ್ನು ಹಿಡಿದು ಬಹಳ ಹೊತ್ತು ಹುಡುಕಿದೆ. ಎಲ್ಲಿಯೂ ಪೆನ್ಸಿಲ್ ಗುರುತು ಇರಲಿಲ್ಲ. ಆಮೇಲೆ ನಗು ಬಂತು. ದುಡಿಯುವವರ ಸಾಲಿನಲ್ಲಿ, ನನ್ನ ಹೆಸರಿನ ಪಕ್ಕದಲ್ಲಿ, ಸಹಿ ಮಾಡಿದೆ.

ನಿಮ್ಮ,
ಗಂಗಾಂಬಿಕೆ ಬಳೂಟಗಿ
ಉದ್ಯೋಗ: ಕಂಬದಾಕೆ