ಯಾರ ಬಾಗಿಲು ಬಡಿಯುತ್ತೀರಿ?

ಹೊಸ ಕುರುವಿನಾಳ,
30 ಫೆಬ್ರುವರಿ 2187

ಹೊಳೆಸಾಲು ಸಮಾಜವಿಜ್ಞಾನಿಗಳ ಸಂಘದ 2027ರ ವಾರ್ಷಿಕ ಸಭೆಗೆ ಬಂದು ಕುಳಿತಿರುವ ಹದಿನೇಳು ಹಿರಿಯರಿಗೆ, ಅದೇ ಸಂಘದ ಈಗಿನ ಕಾರ್ಯದರ್ಶಿ ಗಂಗಾಂಬಿಕೆ ಬಡಿಗೇರ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಪತ್ರ ಮಡಚಿಡಬೇಡಿ. ನಿಮ್ಮ ಕಾಲದ ನಂತರ ಪಂಚಾಂಗವನ್ನು ಎರಡು ಸಲ ತಿದ್ದಿದ್ದಾರೆ, ನಮ್ಮ ಫೆಬ್ರುವರಿಗೆ ಮೂವತ್ತು ದಿನ. ನನ್ನ ಮಾತುಗಳೂ ಅಲ್ಲಲ್ಲಿ ವಿಚಿತ್ರವೆನಿಸಬಹುದು, ಕ್ಷಮಿಸಿ. ಒಂದು ಸಂಗತಿಯನ್ನು ನಿಮಗೆ ತಿಳಿಸದೆ ಇರಲಾರೆ.

ನಮ್ಮ ಹಳೆಯ ಕುರುವಿನಾಳ ಹೊಳೆಯ ದಂಡೆಯಲ್ಲಿತ್ತು. ಎರಡು ಸಾವಿರದ ಮುನ್ನೂರು ಮನೆಗಳು. ಬೀದಿಗಳ ಮೇಲೆಲ್ಲ ಬಿಸಿಲುಚಪ್ಪರ, ಅಂದರೆ ಬಿಸಿಲು ಕುಡಿದು ಮನೆಗಳಿಗೆ ವಿದ್ಯುತ್ ಕೊಡುವ ದಪ್ಪ ಬಟ್ಟೆ. ಅದರ ನೆರಳಿನಲ್ಲಿ ಹೆಂಗಸರು ನಿಮ್ಮ ಕಾಲದಂತೆಯೇ ರೊಟ್ಟಿ ಬಡಿಯುತ್ತಿದ್ದರು, ಗಂಡಸರು ಬಲೆ ಹೊಲಿಯುತ್ತಿದ್ದರು. ಎರಡು ವರ್ಷದ ಹಿಂದೆ, ಮೇಲಿನ ಅಣೆಕಟ್ಟೆ ಬಿರುಕು ಬಿಟ್ಟಿದೆ, ಇಪ್ಪತ್ತೈದು ದಿನದಲ್ಲಿ ಊರು ಖಾಲಿಯಾಗಬೇಕು ಎಂಬ ಆಜ್ಞೆ ಬಂತು. ಮೂರು ಹೊಸ ಊರುಗಳು ಸಿದ್ಧವಾಗಿದ್ದವು. ಯಾರು ಎಲ್ಲಿಗೆ ಎಂಬುದನ್ನು ನಿರ್ಧರಿಸುವುದು ಹಂಚುಗ. ವಯಸ್ಸು, ಕಸುಬು, ಆರೋಗ್ಯ ನೋಡಿ ಜನರನ್ನು ಮನೆಗಳಿಗೆ ಹಂಚುವ ಯಂತ್ರವನ್ನು ನಾವು ಹಾಗೆ ಕರೆಯುತ್ತೇವೆ. ಕೆಟ್ಟ ಯಂತ್ರವಲ್ಲ. ಆದರೆ ಅದಕ್ಕೂ ಹಿಂದೆ ಅದು ಹಂಚಿದ ಒಂದು ಊರಿನಲ್ಲಿ ಮೊದಲ ವರ್ಷವೇ ತೊಂಬತ್ತು ಮುದುಕರು ತೀರಿಕೊಂಡಿದ್ದರು. ಎಷ್ಟೋ ಸಾವುಗಳು ಪಕ್ಕದ ಮನೆಗೆ ಮೂರು ದಿನದವರೆಗೆ ತಿಳಿದಿರಲಿಲ್ಲ.

ಸ್ಥಳಾಂತರದ ಅಧಿಕಾರಿ ವಿನಾಯಕ ತೇರದಾಳ ಇದನ್ನು ಮರೆತಿರಲಿಲ್ಲ. ಯಾರಿಗೆ ಯಾರು ಬೇಕು ಎಂದು ತಿಳಿಯಲು ತನ್ನ ಸಿಬ್ಬಂದಿಯನ್ನು ಮನೆಮನೆಗೆ ಕಳಿಸಿದ. ಸರಕಾರದ ಕಾಗದ ಕಂಡ ಜನ ಅಂಜಿ, ಊರಿನ ದೊಡ್ಡವರ ಹೆಸರನ್ನಷ್ಟೇ ಬರೆಸಿದರು. ಆಮೇಲೆ ಅವನು ನನ್ನಲ್ಲಿಗೆ ಬಂದ.

"ನಿಮ್ಮ ಸಂಘದ ಪುಸ್ತಕ ಕೊಡ್ರಿ ಬಾಯಾರ," ಎಂದ. "ಹಂಚುಗಕ್ಕ ತೋರಿಸಿದ್ರ ಒಂದ ತಾಸಿನ ಕೆಲಸ. ಇಲ್ಲಂದ್ರ ಮತ್ತ ಹೆಣ ಎಣಿಸಬೇಕಾಗ್ತದ."

ನೀವು ಈ ಸಭೆಯಲ್ಲಿ ಆರಂಭಿಸಲಿರುವ ಪುಸ್ತಕಗಳು ಅವು. ಕಷ್ಟ ಬಂದಾಗ ಮೊದಲು ಯಾರ ಬಾಗಿಲು ಬಡಿಯುತ್ತೀರಿ? ಯಾರ ಬಾಗಿಲು ಎಂದೂ ಬಡಿಯುವುದಿಲ್ಲ? ಈ ಎರಡು ಪ್ರಶ್ನೆಗಳನ್ನು ಸಂಘ ಹತ್ತು ವರ್ಷಕ್ಕೊಮ್ಮೆ, ಒಟ್ಟು ಹದಿನಾರು ಸಲ, ಪ್ರತಿ ಮನೆಯಲ್ಲೂ ಕೇಳಿದೆ. ಒಬ್ಬರು ಬರೆದದ್ದನ್ನು ಇನ್ನಿಬ್ಬರು ಪರೀಕ್ಷಿಸದೆ ಪುಸ್ತಕಕ್ಕೆ ಸೇರಿಸಿಲ್ಲ. ಎರಡನೆಯ ಪ್ರಶ್ನೆಗೆ ಜನ ಕಾರಣವನ್ನೂ ಹೇಳಿದ್ದಾರೆ. ಗಂಡನ ಹೊಡೆತ, ಅಣ್ಣನ ಮೋಸ, ಯಾರಿಗೂ ಹೇಳದ ಅವಮಾನ.

ನಿಜ ಹೇಳುತ್ತೇನೆ, ಕೊಟ್ಟುಬಿಡೋಣ ಎಂದೇ ನಾನು ಅಂದುಕೊಂಡಿದ್ದೆ. ನಮ್ಮ ನಲವತ್ತೊಂದು ಸದಸ್ಯರ ತುರ್ತು ಸಭೆ ಕರೆದು, ಪದ್ಧತಿಯಂತೆ ನಿಮ್ಮ ನಡಾವಳಿಯ ಪುಸ್ತಕ ತೆರೆದೆ. ಹೇಳಿದವರ ಒಪ್ಪಿಗೆಯಿಲ್ಲದೆ ಉತ್ತರಗಳನ್ನು ಯಾರಿಗೂ ಕೊಡಕೂಡದು ಎಂಬ ನಿಯಮವನ್ನು ಸೂಚಿಸುತ್ತ, ನಿಮ್ಮಲ್ಲೊಬ್ಬರಾದ ಕಾಲೇಜು ಉಪನ್ಯಾಸಕಿ ಮೆಹಬೂಬಿ ನದಾಫ್ ಹೇಳಿದ ಮಾತು ಅಲ್ಲಿದೆ: "ಅವರು ನಮಗ ಕೊಟ್ಟಿಲ್ಲ. ಕಾಯಾಕ ಕೊಟ್ಟಾರ."

ಪುಸ್ತಕ ಕೊಡುವುದಿಲ್ಲ, ನಾವೇ ಪ್ರತಿ ಮನೆಗೆ ಹೋಗಿ ಒಪ್ಪಿಗೆ ಕೇಳುತ್ತೇವೆ ಎಂದು ತೀರ್ಮಾನಿಸಿದೆವು. ತೇರದಾಳ ಸಿಟ್ಟಾದ. ಆದರೂ ಒಂಬತ್ತು ದಿನ ಕೊಟ್ಟ.

ಮೊದಲ ದಿನ ನಾನು ತಂಗೆವ್ವ ಅಂಬಿಗೇರ ಎಂಬ ಮುದುಕಿಯ ಮನೆಗೆ ಹೋದೆ. ನಮ್ಮ ಸಂಘದ ಗುರುತು ಕಂಡೊಡನೆ ಆಕೆ ಚಾಪೆ ಹಾಸಿದಳು. ಆಕೆಯ ಅಜ್ಜಿಯ ಅಜ್ಜಿಯೂ ನಮಗೆ ಉತ್ತರ ಹೇಳಿದ್ದಳು, ಆ ಮಾತು ಈವರೆಗೆ ಬೀದಿಗೆ ಬಿದ್ದಿರಲಿಲ್ಲ.

"ಮನಿ ಬಿಡ್ತೀನ್ರೀ," ಎಂದಳು ತಂಗೆವ್ವ. "ಹಿಂದಿನ ಓಣಿ ಖೈರೂನ್‌ನ ಬಿಟ್ಟು ಎಲ್ಲಿಗಿ ಹೋಗ್ಲಿ? ನನ್ನ ಕೆಮ್ಮು ಕೇಳಿದ್ರ ಓಡಿ ಬರಾಕಿ ಆಕಿ ಒಬ್ಬಾಕಿನ. ಅದನ್ನ ಬರಕೋರಿ. ಇನ್ನೊಂದು ಮಾತು ಮಾತ್ರ ನಿಮ್ಮಲ್ಲೇ ಇರ್ಲಿ."

ಹಂಚುಗ ತನ್ನ ಮೊದಲ ಪಟ್ಟಿಯಲ್ಲಿ ಖೈರೂನ್‌ಬಿಯನ್ನು ಹದಿನಾಲ್ಕು ಹರದಾರಿ ದೂರದ ಊರಿಗೆ ಬರೆದಿತ್ತು.

ಒಂಬತ್ತು ದಿನದಲ್ಲಿ ಹನ್ನೊಂದು ಮನೆಗಳನ್ನು ಬಿಟ್ಟು ಉಳಿದೆಲ್ಲರೂ ಮೊದಲ ಉತ್ತರಕ್ಕೆ ಒಪ್ಪಿಗೆ ಕೊಟ್ಟರು. ಆ ಹನ್ನೊಂದು ಪುಟಗಳನ್ನು ನಾವು ತೆರೆಯಲಿಲ್ಲ. ಬಾಗಿಲಿಗೆ ಬಾಗಿಲು ಸೇರಿಸಿ ನಕ್ಷೆ ಬಿಡಿಸಿದಾಗ ತೇರದಾಳ ಅದರ ಗೆರೆಗಳ ಮೇಲೆ ಬೆರಳಾಡಿಸಿದ. ಜಾತಿಯ ಪಟ್ಟಿಯಲ್ಲಾಗಲಿ ಕಸುಬಿನ ಪಟ್ಟಿಯಲ್ಲಾಗಲಿ ಕಾಣದ ಒಂದು ಊರು ಅಲ್ಲಿತ್ತು. "ಇಷ್ಟ ದಿನ ಈ ಊರು ಹೆಂಗ ನಿಂತಿತ್ತು ಅನ್ನೂದು ಈಗ ತಿಳೀತು," ಎಂದ ಮೆಲ್ಲಗೆ. ಹಂಚುಗಕ್ಕೆ ಆ ನಕ್ಷೆಯನ್ನೇ ಕೊಟ್ಟು ಹೊಸದಾಗಿ ಹಂಚಿಸಿದ.

ಜನ ಹೊರಟ ಮೇಲೆ ಆರನೆಯ ದಿನ ಅಣೆಕಟ್ಟೆ ಒಡೆಯಿತು. ಹೊಸ ಊರುಗಳಲ್ಲಿ ಮೊದಲ ವರ್ಷ ತೀರಿಕೊಂಡ ಮುದುಕರು ಹತ್ತೊಂಬತ್ತು ಮಂದಿ, ಹಳೆಯ ಊರಿನಲ್ಲಿ ಪ್ರತಿವರ್ಷ ಸಾಯುತ್ತಿದ್ದಷ್ಟೇ. ಅವರಲ್ಲಿ ಒಬ್ಬರೂ ಒಂಟಿಯಾಗಿ ಸಾಯಲಿಲ್ಲ. ತಂಗೆವ್ವ ಮೊನ್ನೆ ಖೈರೂನ್‌ಬಿಯ ಜೊತೆ ಜಗಳವಾಡುತ್ತಿದ್ದಳು, ಮೆಣಸಿನಕಾಯಿ ಒಣಹಾಕುವ ಜಾಗಕ್ಕಾಗಿ.

ಹಿರಿಯರೇ, ನಿಮ್ಮನ್ನು ನೆನೆದರೆ ನನಗೆ ಬೆರಗು. ಸೈನ್ಯವಿರಲಿಲ್ಲ, ಅಧಿಕಾರವಿರಲಿಲ್ಲ, ಫ್ಯಾನ್ ಕೆಟ್ಟ ಒಂದು ಸಭಾಂಗಣವಿತ್ತು. ಅಲ್ಲಿ ಕುಳಿತು, ಹೇಗೆ ಕೇಳಬೇಕು, ಹೇಗೆ ಪರೀಕ್ಷಿಸಬೇಕು, ಏನನ್ನು ಬಚ್ಚಿಡಬೇಕು ಎಂದು ವಾದಿಸಿದಿರಿ. ನೂರೈವತ್ತೆಂಟು ವರ್ಷಗಳ ನಂತರ ಒಂದು ಊರು ಬದುಕಿತು.

ಒಂದು ಬೇಡಿಕೆ ಇದೆ. ನಡಾವಳಿಯ ಪ್ರಕಾರ ಮೆಹಬೂಬಿಯವರ ನಿಯಮ ಊಟದ ನಂತರ, ಎಲ್ಲರೂ ದಣಿದಿರುವಾಗ ಚರ್ಚೆಗೆ ಬರುತ್ತದೆ. ಪರ ಒಂಬತ್ತು, ವಿರೋಧ ಎಂಟು. ಯಾರು ಹೇಗೆ ಮತ ಹಾಕಿದರೆಂದು ಬರೆದಿಲ್ಲ. ನಿಮ್ಮಲ್ಲಿ ಯಾರೋ ಒಬ್ಬರು ಈಗಾಗಲೇ ಚೀಲ ಹೆಗಲಿಗೇರಿಸಿ, ನಾಲ್ಕು ಗಂಟೆಯ ಬಸ್ಸಿಗೆ ಹೊರಡಲೇ ಎಂದು ಯೋಚಿಸುತ್ತಿರಬಹುದು. ದಯವಿಟ್ಟು ಇನ್ನೊಂದಿಷ್ಟು ಹೊತ್ತು ಕುಳಿತುಕೊಳ್ಳಿ.