ಹೆಂಗಸರ ಕೋಣೆಯ ಹೊರಗೆ ಕೂತ ಗಂಡ

ನೇತ್ರ ಶಿಬಿರದ ಮಾನ್ಯ ವೈದ್ಯಾಧಿಕಾರಿಗಳೇ,

ನನ್ನ ಹೆಂಡತಿ ಕಲ್ಯಾಣಮ್ಮನ ಬಲಗಣ್ಣು ಹೋದದ್ದಕ್ಕೆ ನಿಮ್ಮ ದಾಖಲೆಯಲ್ಲಿ ಕಾರಣ ಬರೆದಿದೆ: ‘ರೋಗಿ ಸಹಕರಿಸಲಿಲ್ಲ.’ ಎಷ್ಟು ಸಲೀಸಾಗಿ ಮುಗಿಸಿಬಿಟ್ಟಿರಿ! ಐದು ವರ್ಷದಿಂದ ಮರೆವಿನ ಕಾಯಿಲೆಯಲ್ಲಿರುವ, ಉಂಡ ಕೈ ಒಣಗುವ ಮೊದಲೇ ಉಂಡಿಲ್ಲ ಎನ್ನುವ ಹೆಂಗಸು ಯಾವ ಬಗೆಯಲ್ಲಿ ಸಹಕರಿಸಬೇಕಿತ್ತು, ದಯಮಾಡಿ ತಿಳಿಸಿ.

ನಾನು ಕೊಟ್ಟೂರಿನಲ್ಲಿ ಮೂವತ್ತು ವರ್ಷದಿಂದ ಬಟ್ಟೆ ಹೊಲಿಯುವವನು. ನಮಗೆ ಮಕ್ಕಳಿಲ್ಲ. ಅವಳಿಗೆ ಸ್ನಾನ ಮಾಡಿಸುವುದು, ತಲೆ ಬಾಚುವುದು, ಸೀರೆ ಉಡಿಸುವುದು ಎಲ್ಲ ನನ್ನದೇ ಕೆಲಸ. ಅದಕ್ಕೇ ಅಂಗಡಿ ಮುಚ್ಚಿ ಮಿಷನ್ನು ಮನೆಗೆ ತಂದಿದ್ದೇನೆ. ನನ್ನ ಮುಖ ಅವಳಿಗೆ ಗುರುತು ಹತ್ತುವುದಿಲ್ಲ, ದಿನಕ್ಕೆ ನಾಲ್ಕು ಸಲ ‘ನೀವು ಯಾರ್ರಿ?’ ಎನ್ನುತ್ತಾಳೆ. ದನಿ ಕೇಳಿದರೆ ಮಾತ್ರ ಸುಮ್ಮನಾಗುತ್ತಾಳೆ. ಇಷ್ಟನ್ನೂ ಹೆಸರು ಬರೆಸುವಾಗಲೇ ಹೇಳಿದ್ದೆ. ಬರೆದುಕೊಂಡವರು ತಲೆಯಾಡಿಸಿದ್ದರು.

ಡಿಸೆಂಬರಿನಲ್ಲಿ ಹಗರಿಬೊಮ್ಮನಹಳ್ಳಿಯ ಶಾಲೆಯೊಂದರಲ್ಲಿ ನಡೆದ ಶಿಬಿರ ಅದು. ‘ರೋಗಿಯೊಂದಿಗೆ ಒಬ್ಬ ಸಹಾಯಕರು ಕಡ್ಡಾಯ’ ಎಂದು ನಿಮ್ಮದೇ ಕರಪತ್ರದಲ್ಲಿತ್ತು. ಬಂದೆ. ಬಲಗಣ್ಣಿನ ಪೊರೆಯ ಆಪರೇಷನ್ ಮುಗಿದು ಅವಳನ್ನು ಹೆಂಗಸರ ಕೋಣೆಗೆ ಒಯ್ದ ಮೇಲೆ ನಿಮ್ಮ ಸಿಬ್ಬಂದಿ ನನ್ನನ್ನು ಬಾಗಿಲಲ್ಲೇ ತಡೆದರು. “ಗಂಡಸ್ರು ಒಳಗ ಬರಂಗಿಲ್ರಿ, ಸಾಹೇಬ್ರ ಆರ್ಡರ್ ಐತಿ.” ಪಕ್ಕದ ಹಾಸಿಗೆಯ ಕೆಂಚಕ್ಕ ಎಂಬಾಕೆ, “ಬರ್ಲಿ ಬಿಡ್ರಿ, ನಮ್ಮ ಕಣ್ಣೂ ಕಟ್ಟ್ಯಾರ, ಅವ್ರು ಬಂದ್ರ ನಮಗೇನ ಕಾಣ್ತೈತಿ?” ಎಂದರು. ಹೆಂಗಸರ ಮರ್ಯಾದೆ ಕಾಯುವವರಿಗೆ ಆ ಹೆಂಗಸರ ಮಾತೇ ಕೇಳಿಸಲಿಲ್ಲ.

ಮಧ್ಯಾಹ್ನ ಅವಳಿಗೆ ಎಚ್ಚರವಾಯಿತು. ಬಲಗಣ್ಣಿಗೆ ಪಟ್ಟಿ, ಎಡಗಣ್ಣಿಗೆ ಮೊದಲೇ ಪೊರೆ. “ನನ್ನ ಕಣ್ಣು ಯಾಕ ಕಟ್ಟೀರಿ? ಬಿಚ್ರಿ!” ಎಂದು ಚೀರಿದಳು. ವರಾಂಡದಿಂದ ನಾನು, “ಕಲ್ಯಾಣಿ, ಇಲ್ಲೇ ಅದೀನಿ” ಎಂದು ಕೂಗಿದೆ. ಗಲಾಟೆ ಮಾಡುತ್ತೀಯ ಎಂದು ನನ್ನನ್ನು ಗೇಟಿನಾಚೆ ದಬ್ಬಿದರು. ಒಳಗೆ ಅವಳು ಪಟ್ಟಿ ಕಿತ್ತು, ಹೊಲಿಗೆ ಬಿಚ್ಚುವಷ್ಟು ಕಣ್ಣು ಉಜ್ಜಿಕೊಂಡಳು. ಆರೈಕೆ ಮಾಡುವವರೆಂದರೆ ಹೆಂಗಸರೇ ಎಂದು ಯಾವ ಕಾನೂನಿನಲ್ಲಿದೆ? ಇಂಥ ಕಾಯಿಲೆಯವರಿಗೆ ಮನೆಯವರ ದನಿಯೂ ಔಷಧವೇ ಎಂದು ನಿಮಗೆ ಒಬ್ಬ ದರ್ಜಿ ಹೇಳಿಕೊಡಬೇಕೆ?

ಮುಂದಿನ ತಿಂಗಳು ಎಡಗಣ್ಣಿನ ಸರದಿ. ಪರಿಹಾರ ಬೇಡ, ಯಾರನ್ನೂ ಅಮಾನತು ಮಾಡಬೇಡಿ. ಅವಳ ಹಾಸಿಗೆ ಪಕ್ಕ ನನಗೊಂದು ಸ್ಟೂಲು ಕೊಡಿ, ಸುತ್ತ ಪರದೆ ಬೇಕಾದರೆ ನಾನೇ ಹೊಲಿದು ತರುತ್ತೇನೆ. ಒಳಗೆ ಬಿಡುವುದಾಗಿ ಬರೆದು ಸಹಿ ಹಾಕಿ ಕಳಿಸಿ. ಇಲ್ಲವಾದರೆ ಅವಳನ್ನು ಕರೆತರುವುದಿಲ್ಲ. ಆ ಕಣ್ಣಿಗೆ ಬಾಗಿಲ ಬೆಳಕಾದರೂ ಕಾಣುತ್ತದೆ. ಅದನ್ನೂ ನಿಮ್ಮ ಕೈಗೆ ಕೊಡಲು ನನಗೆ ಭಯ.

ಇಂತಿ,
ಗಂಡಸಾಗಿ ಹುಟ್ಟಿದ್ದೇ ತಪ್ಪಾದ
ಹಾಲಸ್ವಾಮಿ, ದರ್ಜಿ
ಕೊಟ್ಟೂರು, 13-1-1999