ಇಲಿಗಿರುವ ಬಿಡುಗಡೆ ನನ್ನ ಗಂಡನಿಗೇಕಿಲ್ಲ?

ಸಂಶೋಧನಾ ಸಂಸ್ಥೆಯ ಮಾನ್ಯ ನಿರ್ದೇಶಕರೇ,

ಅಸ್ತಮಾ ಹೇಗೆ ಬರುತ್ತದೆಂದು ಸಂಶೋಧನೆ ನಡೆಸುವ ನಿಮ್ಮ ಸಂಸ್ಥೆಯೇ ನನ್ನ ಗಂಡನಿಗೆ ಅಸ್ತಮಾ ತಂದಿಟ್ಟು, ಈಗ ಇದು ಅಸ್ತಮಾವೇ ಅಲ್ಲ ಎನ್ನುತ್ತಿದೆ. ಅವರು ನಿಮ್ಮ ಪ್ರಯೋಗದ ಇಲಿಗಳ ಪಂಜರ ತೊಳೆಯುವವರು. ನಾನು ಅವರ ಹೆಂಡತಿ, ತೀರಾ ಹೊಸಬಳು. ಅವರ ಒಂದೊಂದು ಉಸಿರನ್ನೂ ಗಮನಿಸುವಷ್ಟು ಹೊಸಬಳು. ಅದಕ್ಕೆ ನನಗೆ ನಾಚಿಕೆಯೇನೂ ಇಲ್ಲ.

ಮದುವೆಯ ರಜೆ ಮುಗಿಸಿ ಹೋದ ಬೆಳಿಗ್ಗೆ, ಕೆಲಸಕ್ಕೆ ಕೈ ಹಚ್ಚುವ ಮೊದಲೇ, ಉಬ್ಬಸವೆಂದು ಹೇಳಿಕೊಂಡಿದ್ದಕ್ಕೆ ನಿಮ್ಮ ವೈದ್ಯರು ಅವರಿಂದ ಉಸಿರು ಅಳೆಯುವ ಕೊಳವೆ ಊದಿಸಿ ಶ್ವಾಸಕೋಶ ಸೊಗಸಾಗಿದೆ ಎಂದರು. ಸೊಗಸಾಗಿರದೆ ಇನ್ನೇನು? ರಜೆಯುದ್ದಕ್ಕೂ ಅವರು ನೋಡಿದ್ದು ನನ್ನ ಮುಖ, ಇಲಿಗಳ ಮುಖವಲ್ಲ. "ಹೊಸ ಹೆಂಡ್ತಿ ಸೆಂಟ್ ಜಾಸ್ತಿ ಹಾಕ್ತಾರೇನಪ್ಪಾ?" ಎಂದು ಬೇರೆ ಕೇಳಿದರಂತೆ. ಅತ್ತೆ ಅದನ್ನೇ ಹಿಡಿದುಕೊಂಡು, "ಒಂದಷ್ಟು ದಿನ ಹಾಕ್ಬೇಡ ಕಣಮ್ಮ, ನೋಡೇಬಿಡೋಣ" ಎಂದರು. ಹಾಕಲಿಲ್ಲ. ಉಬ್ಬಸವೂ ಹೋಗಲಿಲ್ಲ.

ಮೊನ್ನೆ ಸಂಜೆ ಕೆಲಸದಿಂದ ಬಂದವರು ಮನೆಯ ಮೆಟ್ಟಿಲ ಮೇಲೆ ಅರ್ಧಕ್ಕೇ ಕುಳಿತುಬಿಟ್ಟರು.

"ಎತ್ಕೊಂಡು ಹೋಗ್ಲೇನ್ರೀ?" ಎಂದೆ.

"ಅದು... ನಾನು... ಮಾಡ್ಬೇಕಾದ ಕೆಲ್ಸ" ಎಂದರು. ಅಷ್ಟು ಹೇಳುವುದಕ್ಕೆ ಮೂರು ಸಲ ಉಸಿರೆಳೆದುಕೊಂಡರು. ನಾನು ನಕ್ಕೆ, ಆಮೇಲೆ ತೋಳು ಹಿಡಿದು ಮೇಲೆ ಹತ್ತಿಸಿದೆ.

ನಿಮ್ಮ ಮುಂಬಾಗಿಲಲ್ಲಿ ತೂಗುಹಾಕಿರುವ ಇಂಗ್ಲಿಷ್ ಪೋಸ್ಟರನ್ನು ನೀವು ಓದಿದ್ದೀರಾ? ನನ್ನ ಇಂಗ್ಲಿಷ್ ಮೀಡಿಯಂ ಓದು ಕೊನೆಗೂ ಉಪಯೋಗಕ್ಕೆ ಬಂತು, ನಾನು ಓದಿದೆ. ಅಲರ್ಜಿಯ ಕಣ ತಾಗಿದೊಡನೆ ಶ್ವಾಸನಾಳದ ಒಳಪದರದ ಜೀವಕೋಶಗಳು ಅಪಾಯದ ಸಂದೇಶ ಕಳಿಸುತ್ತವೆ. ರಕ್ಷಣೆಯ ಜೀವಕೋಶಗಳು ಅದನ್ನು ಕೇಳಿಸಿಕೊಂಡು ತಮ್ಮ ಸಂದೇಶ ಹೊರಡಿಸುತ್ತವೆ. ಇಂಟರ್‌ಲ್ಯೂಕಿನ್ ಐದು ಎಂಬ ಸಂದೇಶ ಒಂದು ಬಗೆಯ ಬಿಳಿ ರಕ್ತಕಣಗಳನ್ನು ಕರೆತಂದರೆ, ಹದಿಮೂರು ಎಂಬುದು ಕಫ ತುಂಬಿಸುತ್ತದೆ. ನಾಳ ಊದಿಕೊಂಡು ಬಿಗಿಯುತ್ತದೆ. ಕಣ ದೂರವಾದರೆ ಈ ಗದ್ದಲ ಮೆಲ್ಲಗೆ ತಣ್ಣಗಾಗುತ್ತದೆ. ಮತ್ತೆ ಮತ್ತೆ ತಾಗುತ್ತಿದ್ದರೆ ನಾಳದ ಗೋಡೆಯೇ ದಪ್ಪಗಾಗಿ ಹಾಗೇ ಉಳಿದುಬಿಡಬಹುದು. ಇಲಿಯ ಮೂತ್ರದ ಪ್ರೋಟೀನು ಅಂಥ ಕಣವೆಂದು ನಿಮಗೆ ನಾನು ಹೇಳಿಕೊಡಬೇಕೆ? ಗದ್ದಲ ತಣ್ಣಗಾದ ದಿನ ಹೋಗಿ ಕದ ತಟ್ಟಿ, ಒಳಗೆ ಯಾರೂ ಇಲ್ಲ ಎನ್ನುವುದು ಯಾವ ಸೀಮೆಯ ಪರೀಕ್ಷೆ?

ಉಸಿರಾಡಲು ಒದ್ದಾಡುವ ಇಲಿಯನ್ನು ತಕ್ಷಣ ಪ್ರಯೋಗದಿಂದ ಬಿಡಿಸಬೇಕೆಂಬುದು ನಿಮ್ಮದೇ ನಿಯಮ. ಅಂಥ ಇಲಿಯನ್ನು ಗುರುತಿಸಿ ಹೇಳುವುದು ನನ್ನ ಗಂಡನ ಕೆಲಸ. ಅವರನ್ನು ಗುರುತಿಸುವ ಕೆಲಸ ಯಾರದು, ಸ್ವಾಮಿ?

ನಾಳೆ ಪಾಳಿ ಮುಗಿದ ಕೂಡಲೇ, ಇಲಿಗಳ ಕೋಣೆಯ ಬಾಗಿಲಲ್ಲೇ, ಅವರಿಗೆ ಮತ್ತೆ ಪರೀಕ್ಷೆ ಮಾಡಿಸಿ. ನಾಡಿದ್ದಿನಿಂದ ಇದೇ ಸಂಬಳಕ್ಕೆ ಬೇರೆ ವಿಭಾಗದಲ್ಲಿ ಕೆಲಸ ಕೊಡಿ. ಆಗುವುದಿಲ್ಲ ಎನ್ನುವುದಾದರೆ ನೀವೇ ಸಹಿ ಹಾಕಿ ಬರೆದುಕೊಡಿ. ವೈದ್ಯರ ಸಹಿ ನನಗೆ ಸಾಲದು.

ಇಂತಿ,
ಗಂಡನ ಎದೆಗೆ ಕಿವಿಯಿಟ್ಟರೆ ಬರೀ ಸಿಳ್ಳೆ ಕೇಳಿಸಿಕೊಳ್ಳುವ ನವವಧು